ಈಡು ತುಂಬುವವರ ಗೀಳು

ಅಮೆರಿಕದ ಯಾವುದೋ ಊರಾಚೆಯ ಶೂಟಿಂಗ್ ರೇಂಜು, ಭಾನುವಾರದ ಬೆಳಗು. ಅಷ್ಟು ಹೊತ್ತೂ ಢಂ ಢಂ ಎನ್ನುತ್ತಿದ್ದ ಜಾಗ 'ಸಾಕು, ನಿಲ್ಲಿಸಿ' ಎಂಬ ಕೂಗಿಗೆ ತಣ್ಣಗಾಗುತ್ತದೆ. ಬಂದೂಕುಗಳು ಮೇಜಿನ ಮೇಲೆ ಬಾಯಿ ತೆರೆದು ಮಲಗುತ್ತವೆ. ಬಂದವರಲ್ಲಿ ಹೆಚ್ಚಿನವರು ತಮ್ಮ ಏಟು ಎಲ್ಲಿ ಬಿತ್ತೆಂದು ನೋಡಲು ಗುರಿಹಲಗೆಯತ್ತ ನಡೆಯುತ್ತಾರೆ. ಒಂದಿಬ್ಬರಿಗೆ ಮಾತ್ರ ಗುರಿಯ ಗೋಜೇ ಬೇಡ. ಅವರ ಕಣ್ಣು ನೆಲದ ಮೇಲೆ. ಮೆಟ್ಟಿಲು ಹತ್ತಲು ಮಂಡಿನೋವು ಎನ್ನುವ ಅರವತ್ತು ದಾಟಿದ ಗೃಹಸ್ಥರೊಬ್ಬರು ಮೊಣಕಾಲೂರಿ ಹುಲ್ಲಿನಲ್ಲಿ ಬೆರಳಾಡಿಸುತ್ತಾರೆ. ಹಿತ್ತಾಳೆಯ ಪುಟ್ಟ ಕೊಳವೆಯೊಂದು ಸಿಗುತ್ತದೆ. ಅದನ್ನು ಬೆಳಕಿಗೆ ಹಿಡಿದು, ತಳದಲ್ಲಿ ಕೆತ್ತಿದ ಅಕ್ಷರ ಓದಿ, ಊದಿ, ಜೇಬಿಗೆ ಹಾಕಿಕೊಳ್ಳುತ್ತಾರೆ. ಪಕ್ಕದ ಮೇಜಿನ ಹುಡುಗನ ಹತ್ತಿರ ಹೋಗಿ ಬಹಳ ವಿನಯದಿಂದ ಕೇಳುತ್ತಾರೆ: 'ನಿನ್ನ ಖಾಲಿ ಕೇಸು ನಿನಗೆ ಬೇಕೇನಪ್ಪಾ?'

ಇವರು ರೀಲೋಡರುಗಳು. ಒಮ್ಮೆ ಸಿಡಿದು ಬಿಸಾಡಬೇಕಾದ ತೋಟಾವನ್ನು ಮನೆಗೆ ಒಯ್ದು, ತೊಳೆದು, ತಿದ್ದಿ, ಮತ್ತೆ ಮದ್ದು ತುಂಬಿ ಗುಂಡು ಕೂರಿಸುವ ಹವ್ಯಾಸಿಗಳು. ಮನೆಯಲ್ಲಿ ಕೂತು ತೋಟಾ ತಯಾರಿಸುವುದೆಂದರೆ ನಮ್ಮ ಕಿವಿಗೆ ಪೊಲೀಸ್ ದಾಳಿಯ ಸುದ್ದಿಯಂತೆ ಕೇಳಿಸುತ್ತದೆ. ಅಲ್ಲಿ ಅದು ಗ್ಯಾರೇಜಿನ ಮೂಲೆಯ ಕಾಲಕ್ಷೇಪ. ಸ್ವಂತ ಬಳಕೆಗೆ ಮಾಡಿಕೊಳ್ಳಲು ಕೇಂದ್ರ ಸರ್ಕಾರದ ಪರವಾನಗಿ ಬೇಡ. ಮಾಡಿ ಮಾರುವುದಾದರೆ ಮಾತ್ರ ಬೇಕು.

ಬಂದೂಕಿನ ಬಗ್ಗೆ ಅಮೆರಿಕದಲ್ಲಿ ನಡೆಯುವ ಜಗಳ ಎಲ್ಲರಿಗೂ ಗೊತ್ತು, ಅದರ ಹಿಂದಿನ ಸಾವುಗಳೂ ಗೊತ್ತು. ಈ ಲೇಖನ ಆ ಜಗಳದ್ದಲ್ಲ. ಆ ದೇಶದ ಒಂದು ನಿರುಪದ್ರವಿ ತಿಕ್ಕಲಿನದು.

ನಾಲ್ಕರಲ್ಲಿ ಒಂದು ಉಳಿಯುತ್ತದೆ

ತೋಟಾದಲ್ಲಿ ನಾಲ್ಕು ಭಾಗಗಳಿವೆ. ಹೊರಗಿನ ಹಿತ್ತಾಳೆ ಕೇಸು, ಅದರ ತಳದಲ್ಲಿ ಕುಳಿತ ಪ್ರೈಮರ್, ಅಂದರೆ ನಮ್ಮ ಮಲೆನಾಡಿನವರು ಕೇಪು ಎನ್ನುವ ವಸ್ತುವಿನ ಮೊಮ್ಮಗ, ಒಳಗೆ ಮದ್ದು, ಬಾಯಲ್ಲಿ ಗುಂಡು. ಕುದುರೆ ಎಳೆದಾಗ ಸೂಜಿ ಪ್ರೈಮರಿಗೆ ಬಡಿಯುತ್ತದೆ, ಕಿಡಿ ಮದ್ದಿಗೆ ತಾಗುತ್ತದೆ, ಮದ್ದು ಉರಿದು ಅನಿಲವಾಗಿ ಗುಂಡನ್ನು ತಳ್ಳುತ್ತದೆ. ಗುಂಡು ಹೋಯಿತು, ಮದ್ದು ಹೋಯಿತು, ಪ್ರೈಮರ್ ಸತ್ತಿತು. ಉಳಿಯುವುದು ಕೇಸು ಒಂದೇ. ನಾಲ್ಕರಲ್ಲಿ ಸಾಮಾನ್ಯವಾಗಿ ಹೆಚ್ಚು ದುಬಾರಿಯಾದದ್ದೂ ಅದೇ. ಸುಮಾರು ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತುವಿನ ಈ ಹಿತ್ತಾಳೆ ಸಿಡಿತದ ಒತ್ತಡಕ್ಕೆ ಹಿಗ್ಗಿ ನಳಿಗೆಯ ಗೋಡೆಗೆ ಅಂಟಿಕೊಳ್ಳುತ್ತದೆ, ಒತ್ತಡ ಇಳಿದಾಗ ತುಸು ಕುಗ್ಗಿ ಹೊರಬರುತ್ತದೆ. ಹಿಗ್ಗಿದ್ದನ್ನು ಮೊದಲಿನ ಅಳತೆಗೆ ತಂದರೆ ಮತ್ತೊಂದು ಬಾಳು.

ಅದಕ್ಕೊಂದು ಪ್ರೆಸ್ ಬೇಕು. ಉದ್ದ ಹಿಡಿಕೆಯ, ಮೇಜಿಗೆ ಬೋಲ್ಟು ಹಾಕಿ ಕೂರಿಸಿದ ಕಬ್ಬಿಣದ ಯಂತ್ರ. ಹಿಡಿಕೆ ಇಳಿಸಿದರೆ ಕೇಸು ಗಟ್ಟಿ ಉಕ್ಕಿನ ಅಚ್ಚಿನೊಳಗೆ ಹೋಗಿ ಅಳತೆಗೆ ಬರುತ್ತದೆ, ಅದೇ ಏಟಿಗೆ ಸತ್ತ ಪ್ರೈಮರ್ ಕೆಳಗೆ ಉದುರುತ್ತದೆ. ಹೊಸ ಪ್ರೈಮರ್ ಒತ್ತಿ, ತೂಗಿದ ಮದ್ದು ಸುರಿದು, ಗುಂಡು ಕೂರಿಸಿದರೆ ಕೆಲಸ ಮುಗಿಯಿತು. ಹೇಳುವುದಕ್ಕೆ ಇಷ್ಟೇ. ಇಷ್ಟಕ್ಕೇ ಮುಗಿಸಿಬಿಡುವವರನ್ನು ಈ ಪಂಥದಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಹವ್ಯಾಸ ಅಮೆರಿಕದಲ್ಲೇ ಇಷ್ಟು ಬೆಳೆಯಲು ಒಂದು ತಮಾಷೆಯ ಕಾರಣವೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರೈಮರಿಗೆ ಎರಡು ವಿನ್ಯಾಸಗಳು ಬಂದವು. ಒಂದು ಅಮೆರಿಕದ ಹೈರಮ್ ಬರ್ಡನ್ ಮಾಡಿದ್ದು, ಇನ್ನೊಂದು ಬ್ರಿಟಿಷ್ ಅಧಿಕಾರಿ ಎಡ್ವರ್ಡ್ ಬಾಕ್ಸರ್ ಮಾಡಿದ್ದು. ಯುರೋಪು ಅಮೆರಿಕದವನದನ್ನು ಹಿಡಿಯಿತು, ಅಮೆರಿಕ ಬ್ರಿಟಿಷನದನ್ನು ಹಿಡಿಯಿತು. ಬಾಕ್ಸರನ ಕೇಸಿಗೆ ತಳದ ನಟ್ಟನಡುವೆ ಒಂದೇ ತೂತು, ಕಡ್ಡಿ ತೂರಿಸಿದರೆ ಹಳೆಯ ಪ್ರೈಮರ್ ಸಲೀಸಾಗಿ ಬೀಳುತ್ತದೆ. ಬರ್ಡನನದಕ್ಕೆ ಪಕ್ಕದಲ್ಲಿ ಎರಡು ತೂತು, ತೆಗೆಯುವಷ್ಟರಲ್ಲಿ ಹೆಣ ಬೀಳುತ್ತದೆ. ಅಮೆರಿಕದ ಲಕ್ಷಾಂತರ ಗಂಡಸರ ಭಾನುವಾರ ಹೇಗೆ ಕಳೆಯಬೇಕೆಂಬುದು ಆ ಒಂದು ತೂತಿನಲ್ಲಿ ತೀರ್ಮಾನವಾಯಿತು.

ಲಾಂಡ್ರಿಯ ಹಿಂಬದಿಯ ಕೋಣೆ

ಮೊದಮೊದಲು ಇದು ಶೋಕಿಯಲ್ಲ, ಅಗತ್ಯ. 1870ರ ದಶಕದಲ್ಲಿ ಬಯಲುಸೀಮೆಗೆ ಕಾಡೆಮ್ಮೆ ಬೇಟೆಗೆ ಹೋದವರಿಗೆ ಅಂಗಡಿ ನೂರಾರು ಮೈಲಿ ದೂರ. ಸೀಸ, ಮದ್ದು, ಕೇಪು ಗಾಡಿಯಲ್ಲಿ ಹೇರಿಕೊಂಡು ಹೋಗಿ ರಾತ್ರಿ ಬೆಂಕಿಯ ಪಕ್ಕ ಕೂತು ಮರುದಿನದ ತೋಟಾ ಕಟ್ಟುತ್ತಿದ್ದರು. 1884ರಲ್ಲಿ ಜಾನ್ ಬಾರ್ಲೋ ಎಂಬುವರು ಕನೆಕ್ಟಿಕಟ್‌ನಲ್ಲಿ ಐಡಿಯಲ್ ಎಂಬ ಕಂಪನಿ ಕಟ್ಟಿ ಇಕ್ಕಳದಂಥ ಕೈಸಾಧನ ಮಾರತೊಡಗಿದರು. ಜೇಬಿನಲ್ಲಿ ಹಿಡಿಸುವ ಕಾರ್ಖಾನೆ ಅದು.

ಶೋಕಿಯಾಗಿ ಹಬ್ಬಿದ್ದು ಎರಡನೇ ಮಹಾಯುದ್ಧದ ಕಾಲಕ್ಕೆ. ಯುದ್ಧಕ್ಕೆಂದು ಸೀಸ, ತಾಮ್ರವೆಲ್ಲ ಸೈನ್ಯದ ಪಾಲಾದಾಗ ಬೇಟೆಗಾರರಿಗೆ ಗುಂಡೇ ಸಿಗದಾಯಿತು. ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಫ್ರೆಡ್ ಹಂಟಿಂಗ್ಟನ್ ಎಂಬಾತ 1943ರಲ್ಲಿ ಅಪ್ಪನ ಲಾಂಡ್ರಿಯ ಹಿಂಬದಿ ಕೋಣೆಯಲ್ಲಿ ಒಂದು ಅಚ್ಚು ಮಾಡಿದ. ಎಸೆದ ಪುಟ್ಟ .22 ಕೇಸುಗಳನ್ನೇ ಒತ್ತಿ ಗುಂಡಿನ ಹೊರಕವಚ ಮಾಡುವ ಅಚ್ಚು. ಆ ಗುಂಡು ರಾಕ್‌ಚಕ್ ಎಂಬ ಬಂಡೆಯಳಿಲಿನಂಥ ಪ್ರಾಣಿಯ ಬೇಟೆಗೆ. ಅಚ್ಚಿಗೆ 'ರಾಕ್ ಚಕ್ ಬುಲೆಟ್ ಸ್ವೇಜ್' ಎಂದು ಹೆಸರಿಟ್ಟ. ಇವತ್ತಿಗೂ ಹಸಿರು ಬಣ್ಣದ ಆರ್‌ಸಿಬಿಎಸ್ ಯಂತ್ರಗಳ ಮೇಲಿನ ನಾಲ್ಕಕ್ಷರ ಅದರದೇ.

ಯುದ್ಧ ಮುಗಿದಾಗ ಸರ್ಕಾರದ ಗೋದಾಮುಗಳಲ್ಲಿ ಮದ್ದು ರಾಶಿರಾಶಿ ಉಳಿಯಿತು. ಕಾನ್ಸಾಸ್‌ನ ಬ್ರೂಸ್ ಹಾಜ್‌ಡನ್ ತನ್ನ ಜೀವವಿಮೆಯ ಮೇಲೆ ಸಾಲ ತೆಗೆದು ಅದನ್ನು ಟನ್‌ಗಟ್ಟಲೆ ಕೊಂಡು, ಹಳೆಯ ರೈಲ್ವೆ ಡಬ್ಬಿಯೊಂದರಲ್ಲಿ ಇಟ್ಟು, ಹವ್ಯಾಸಿಗಳಿಗೆ ಅಗ್ಗಕ್ಕೆ ಮಾರಿದ. ಜೀವವಿಮೆ ಅಡವಿಟ್ಟು ಸಿಡಿಮದ್ದು ಕೊಂಡ ಗ್ರಾಹಕ ಆ ವಿಮಾ ಕಂಪನಿಗೆ ಅವನೊಬ್ಬನೇ ಇದ್ದಿರಬೇಕು. ಹಾಜ್‌ಡನ್ ಈಗ ಆ ವ್ಯಾಪಾರದ ದೊಡ್ಡ ಹೆಸರು.

ಆಮೇಲೆ ಬಂದವರು ಬಣ್ಣಗಳನ್ನು ಹಂಚಿಕೊಂಡರು. 1958ರಲ್ಲಿ ವಿಸ್ಕಾನ್ಸಿನ್‌ನ ರಿಚರ್ಡ್ ಲೀ ಪ್ರೆಸ್ಸೇ ಇಲ್ಲದೆ ಬಡಿಗೆಯಿಂದ ಕುಟ್ಟಿ ತೋಟಾ ತುಂಬುವ ಸೆಟ್ ತಂದ. ಅವನ ಕಂಪನಿ ಕೆಂಪು ಬಣ್ಣದ್ದು, ಅಗ್ಗದ್ದು. ಅರಿಜೋನದ ಡಿಲನ್ ಕಂಪನಿಯದು ನೀಲಿ, ದುಬಾರಿ. ಹಿಡಿಕೆಯ ಪ್ರತಿ ಎಳೆತಕ್ಕೂ ಒಂದು ತಯಾರಾದ ತೋಟಾ ಹೊರಗೆ ಬೀಳುತ್ತದೆ. ನೀಲಿಯವರು ಕೆಂಪಿನವರನ್ನು ಜಿಪುಣರೆಂದು ನೋಡುತ್ತಾರೆ, ಕೆಂಪಿನವರು ನೀಲಿಯವರನ್ನು ದುಡ್ಡು ಹೆಚ್ಚಾದವರೆಂದು ನೋಡುತ್ತಾರೆ, ಹಸಿರಿನವರು ನಮ್ಮದು ಅಜ್ಜನ ಕಾಲದ್ದು ಎಂದು ಸುಮ್ಮನಿರುತ್ತಾರೆ. ಮೂರು ಬಣ್ಣದ ಯಂತ್ರವೂ ಒಂದೇ ಮೇಜಿನ ಮೇಲಿರುವ ಮನೆಗಳೇ ಹೆಚ್ಚು.

ಉಳಿತಾಯ ಎಂಬ ಪುರಾಣ

ಯಾಕೆ ಈ ಕೆಲಸ ಎಂದು ಯಾರನ್ನು ಕೇಳಿದರೂ ಮೊದಲ ಉತ್ತರ ಒಂದೇ: ದುಡ್ಡು ಉಳಿಯುತ್ತದೆ. ಕಾಗದದ ಮೇಲೆ ನಿಜ. ಕೇಸಿನ ಖರ್ಚು ಹೋದರೆ, ಅದರಲ್ಲೂ ದೊಡ್ಡ ರೈಫಲ್ ತೋಟಾಗಳಲ್ಲಿ, ಅಂಗಡಿ ಬೆಲೆಗಿಂತ ಸಾಕಷ್ಟು ಕಡಿಮೆ ಬೀಳುತ್ತದೆ.

ಕಾಗದದಲ್ಲಿ ಬರೆಯದೆ ಬಿಟ್ಟ ಸಾಲುಗಳು ಹಲವು. ಪ್ರೆಸ್ ಆಯಿತು. ಪ್ರತಿ ಅಳತೆಯ ತೋಟಾಕ್ಕೂ ಬೇರೆ ಅಚ್ಚು. ತಕ್ಕಡಿ, ಅದು ಸರಿಯಿದೆಯೋ ಎಂದು ನೋಡಲು ಇನ್ನೊಂದು ತಕ್ಕಡಿ, ಎರಡೂ ಬೇರೆ ಬೇರೆ ತೂಕ ತೋರಿಸಿದಾಗ ಪಂಚಾಯಿತಿಗೆ ಮೂರನೆಯದು. ಅಳತೆ ಕಡ್ಡಿ, ಕೇಸಿನ ಉದ್ದ ಕತ್ತರಿಸುವ ಯಂತ್ರ, ತೊಳೆಯುವ ಯಂತ್ರ, ಗುಂಡಿನ ವೇಗ ಅಳೆಯುವ ರಾಡಾರ್. ಮದ್ದು ಮತ್ತು ಪ್ರೈಮರ್ ಅಪಾಯಕಾರಿ ಸರಕಾದ್ದರಿಂದ ಕೊರಿಯರಿನಲ್ಲಿ ತರಿಸಿದರೆ ಪ್ರತಿ ಸಲಕ್ಕೂ ಇಪ್ಪತ್ತು ಡಾಲರಿಗೂ ಮಿಕ್ಕ ವಿಶೇಷ ಶುಲ್ಕ. ಒಂದು ಡಬ್ಬಿ ತರಿಸಿದರೂ ಅಷ್ಟೇ, ಹತ್ತು ತರಿಸಿದರೂ ಅಷ್ಟೇ. ಹಾಗಾಗಿ ಇಪ್ಪತ್ತು ಡಾಲರ್ ದಂಡವಾಗಬಾರದೆಂದು ಮುನ್ನೂರು ಡಾಲರಿನ ಮದ್ದು ಬರುತ್ತದೆ. ಮದ್ದು ಬಂದ ಮೇಲೆ ಅದಕ್ಕೆ ಹೊಂದುವ ಪ್ರೈಮರ್ ಬೇಡವೇ? ಪ್ರೈಮರ್ ಬಂದ ಮೇಲೆ ಗುಂಡು? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ಕೊನೆಗೆ ಆಗುವುದೇನೆಂದರೆ, ತೋಟಾ ಒಂದರ ಖರ್ಚು ಅರ್ಧವಾಯಿತೆಂಬ ಖುಷಿಗೆ ಎರಡು ಪಟ್ಟು ಹಾರಿಸುತ್ತಾರೆ. ಇದನ್ನು ಅವರೇ ನಗುತ್ತ ಒಪ್ಪಿಕೊಳ್ಳುತ್ತಾರೆ. ಆ ವಲಯದಲ್ಲಿ ಬಾಯಿಂದ ಬಾಯಿಗೆ ಓಡಾಡುವ ಹಳೆಯ ಚಟಾಕಿ ಒಂದಿದೆ: 'ನನಗಿರುವ ಒಂದೇ ಭಯ, ನಾನು ಸತ್ತ ಮೇಲೆ ನನ್ನ ಹೆಂಡತಿ ಇವನ್ನೆಲ್ಲ ನಾನು ಅವಳಿಗೆ ಹೇಳಿದ ಬೆಲೆಗೇ ಮಾರಿಬಿಟ್ಟರೆ?'

ಹಿತ್ತಾಳೆ ಬೆಳಗುವ ಗಂಡಸರು

ಗೀಳು ಶುರುವಾಗುವುದು ತೊಳೆಯುವಲ್ಲಿಂದ. ಮಸಿ ಹಿಡಿದ ಕೇಸನ್ನು ಬಟ್ಟೆಯಲ್ಲಿ ಒರೆಸಿದರೂ ಬಳಸಬಹುದು; ಹೊಳಪಿಗೂ ಗುಂಡು ಹೋಗುವ ದಾರಿಗೂ ಸಂಬಂಧವಿಲ್ಲ. ಆದರೆ ಒಮ್ಮೆ ಹೊಳೆಯುವ ಕೇಸು ನೋಡಿದವನಿಗೆ ಮಸಿಯದು ಮುಟ್ಟಲು ಮನಸ್ಸಾಗದು. ಹಳೆಯ ಪಂಥದವರು ಒಣಗಿದ ಜೋಳದ ದಿಂಡಿನ ತರಿ ಅಥವಾ ಆಕ್ರೋಟಿನ ಚಿಪ್ಪಿನ ಪುಡಿಯೊಳಗೆ ಕೇಸು ಹಾಕಿ ಗಂಟೆಗಟ್ಟಲೆ ಅದುರಿಸುತ್ತಾರೆ. ಹೊಸ ಪಂಥದವರದು ನೀರು: ತಿರುಗುವ ಡ್ರಮ್ಮಿನಲ್ಲಿ ಕೇಸು, ಸೂಜಿಯಷ್ಟು ಸಣ್ಣ ಸ್ಟೀಲ್ ಕಡ್ಡಿಗಳು, ಪಾತ್ರೆ ತೊಳೆಯುವ ಸೋಪು, ಚಿಟಿಕೆ ಸಿಟ್ರಿಕ್ ಆಮ್ಲ. ನಮ್ಮ ಅಜ್ಜಿಯರು ಕೊಡಪಾನಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದುದರ ರಸಾಯನಶಾಸ್ತ್ರವೇ ಇದು, ಹುಳಿ ಬೇರೆ ಅಷ್ಟೇ. ಅಡುಗೆಮನೆಯಲ್ಲಿ ಒಂದು ಲೋಟ ತೊಳೆಯದ ಮನುಷ್ಯ ಐನೂರು ಹಿತ್ತಾಳೆ ಕೊಳವೆಗಳನ್ನು ಮೂರು ನೀರಿನಲ್ಲಿ ಅಲುಬಿ ಟವೆಲಿನ ಮೇಲೆ ಸಾಲಾಗಿ ಒಣಹಾಕುವ ದೃಶ್ಯ ಅಮೆರಿಕದ ಸಂಸಾರಗಳಿಗೆ ಅಪರೂಪವಲ್ಲ.

ಆಮೇಲೆ ಜಿಡ್ಡು. ಕೇಸಿಗೆ ಜಿಡ್ಡು ಸವರದೆ ಅಚ್ಚಿಗೆ ತಳ್ಳಿದರೆ ಅದು ಒಳಗೇ ಕಚ್ಚಿಕೊಳ್ಳುತ್ತದೆ, ಹಿಡಿಕೆಗೆ ಜೋತು ಬಿದ್ದರೂ ಬರುವುದಿಲ್ಲ. ಇದು ಎಷ್ಟು ಸಾಮಾನ್ಯ ಅಪಘಾತವೆಂದರೆ ಕಚ್ಚಿಕೊಂಡ ಕೇಸು ತೆಗೆಯುವ ಸೆಟ್ಟನ್ನೇ ಕಂಪನಿಗಳು ಮಾರುತ್ತವೆ. ಅಂಗಡಿ ಜಿಡ್ಡು ದುಬಾರಿ ಎಂದು ಕುರಿ ಉಣ್ಣೆಯಿಂದ ತೆಗೆದ ಲ್ಯಾನೋಲಿನ್‌ಗೆ ಆಲ್ಕೊಹಾಲ್ ಬೆರೆಸಿ ತಾವೇ ತಯಾರಿಸಿಕೊಳ್ಳುವವರಿದ್ದಾರೆ. ಅಂಥವರ ಗ್ಯಾರೇಜು ಮಳೆಗಾಲದ ಕುರಿಹಟ್ಟಿಯ ವಾಸನೆ ಹೊಡೆಯುತ್ತದೆ.

ಹತ್ತಾರು ಸಲ ಹಿಗ್ಗಿ ಕುಗ್ಗಿದ ಹಿತ್ತಾಳೆ ಪೆಡಸಾಗಿ ಕುತ್ತಿಗೆ ಸೀಳುತ್ತದೆ. ಕುತ್ತಿಗೆಯನ್ನಷ್ಟೇ ಕಾಯಿಸಿ ಮೆದುವಾಗಿಸಿದರೆ ಇನ್ನಷ್ಟು ಬಾಳಿಕೆ. ಗ್ಯಾಸ್ ಟಾರ್ಚಿನ ಮುಂದೆ ಒಂದೊಂದೇ ಕೇಸು ತಿರುಗಿಸಿದರೆ ಸಾಕು. ಸಾಕೆನ್ನದವರಿಗೆ ವಿದ್ಯುತ್ ಪ್ರೇರಣೆಯಿಂದ ಕಾಯಿಸುವ ಸಾವಿರ ಡಾಲರಿಗೂ ಹೆಚ್ಚಿನ ಯಂತ್ರವನ್ನು ನ್ಯೂಜಿಲೆಂಡಿನ ಕಂಪನಿಯೊಂದು ಮಾಡಿಕೊಡುತ್ತದೆ. ಡಾಲರಿಗೂ ಬಾಳದ ಕೇಸೊಂದರ ಆಯಸ್ಸು ಹೆಚ್ಚಿಸಲು.

ಒಂದು ಕಾಳು ಹೆಚ್ಚಾಯಿತೆ?

ಯಾಕೆ ಈ ಕೆಲಸ ಎಂಬ ಪ್ರಶ್ನೆಗೆ ಎರಡನೆಯ ಉತ್ತರ ನಿಖರತೆ. ಕಾರ್ಖಾನೆಯ ತೋಟಾ ಎಲ್ಲರ ಬಂದೂಕಿಗೂ ಹೊಂದುವಂತೆ ಮಾಡಿದ್ದು, ನನ್ನದು ನನ್ನ ಬಂದೂಕಿಗೇ ಮಾಡಿದ್ದು ಎಂಬ ವಾದ. ಇದರಲ್ಲಿ ಸತ್ಯ ಸಾಕಷ್ಟಿದೆ. ಒಂದೇ ನಳಿಗೆಗೆ ಒಂದು ತೂಕದ ಗುಂಡು ಹೊಂದುತ್ತದೆ, ಇನ್ನೊಂದು ಹೊಂದುವುದಿಲ್ಲ. ಬೆಂಚ್‌ರೆಸ್ಟ್ ಎಂಬ ಸ್ಪರ್ಧೆಯಲ್ಲಿ ಬಂದೂಕನ್ನು ಮೇಜಿನ ಮೇಲೆ ಮರಳಿನ ಚೀಲಕ್ಕೆ ಒರಗಿಸಿ ಐದೋ ಹತ್ತೋ ಗುಂಡು ಹಾರಿಸುತ್ತಾರೆ. ತೂತುಗಳೆಲ್ಲ ಎಷ್ಟು ಹತ್ತಿರ ಬಿದ್ದವೆಂಬುದೇ ಅಂಕ. ಅಲ್ಲಿ ಕಾರ್ಖಾನೆ ತೋಟಾ ಹಿಡಿದು ಬಂದವನು ಗೆಲ್ಲುವ ಮಾತೇ ಇಲ್ಲ.

ಆದರೆ ಎಲ್ಲಿಗೆ ನಿಲ್ಲಿಸಬೇಕು? ಮದ್ದನ್ನು ಗ್ರೇನ್ ಎಂಬ ಹಳೆಯ ಮಾನದಲ್ಲಿ ತೂಗುತ್ತಾರೆ. 7,000 ಗ್ರೇನ್ ಸೇರಿದರೆ ಒಂದು ಪೌಂಡು, ಹದಿನೈದೂವರೆಯಷ್ಟು ಸೇರಿದರೆ ಒಂದು ಗ್ರಾಂ. ಗ್ರೇನಿನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿ ಮೊದಲೆಲ್ಲ ಸಾಕಾಗುತ್ತಿತ್ತು. ಈಗ ಗೀಳಿನವರು ಪ್ರಯೋಗಾಲಯಕ್ಕೆಂದು ಜಪಾನಿನ ಕಂಪನಿ ಮಾಡುವ, ಮಿಲಿಗ್ರಾಂ ತೋರಿಸುವ ತಕ್ಕಡಿ ತರಿಸಿ, ಅದಕ್ಕೆ ಕೆನಡಾದಲ್ಲಿ ತಯಾರಾದ ಮದ್ದು ಉದುರಿಸುವ ಯಂತ್ರ ಜೋಡಿಸುತ್ತಾರೆ. ಮದ್ದಿನ ಒಂದೇ ಒಂದು ಕಾಳು ಹೆಚ್ಚು ಬಿದ್ದರೆ ಅಂಕಿ ಬದಲಾಗುತ್ತದೆ. ಆ ಒಂದು ಕಾಳನ್ನು ಚಿಮುಟದಿಂದ ಎತ್ತಿ ಡಬ್ಬಿಗೆ ವಾಪಸು ಹಾಕುವಾಗ ಮನೆಯವರು ಫ್ಯಾನು ಹಾಕಬಾರದು, ಬಾಗಿಲು ತೆರೆಯಬಾರದು, ಸಾಧ್ಯವಾದರೆ ಉಸಿರೂ ಆಡಬಾರದು.

ಈ ಪರಂಪರೆಗೆ ಒಬ್ಬ ಮೂಲಪುರುಷನಿದ್ದಾನೆ. ಮ್ಯಾಸಚೂಸೆಟ್ಸ್‌ನ ಮಿಲ್‌ಫೋರ್ಡ್‌ನಲ್ಲಿದ್ದ ಫ್ರಾಂಕ್ಲಿನ್ ಮನ್ ಓದಿದ್ದು ವೈದ್ಯಕೀಯ, ಸಂಪಾದಿಸಿದ್ದು ಕೋಳಿಗಳಿಗೆ ಹಾಕುವ ಮೂಳೆ ಅರೆಯುವ ಯಂತ್ರ ಮಾರಿ. ಆ ಸಂಪಾದನೆಯನ್ನು ಗುಂಡು ಯಾಕೆ ಹೇಳಿದಲ್ಲಿಗೆ ಹೋಗುವುದಿಲ್ಲ ಎಂಬ ಒಂದೇ ಪ್ರಶ್ನೆಗೆ ಸುರಿದ. ಬಂದೂಕು ಅಲುಗಬಾರದೆಂದು ಕಾಂಕ್ರೀಟಿನ ದಿಮ್ಮಿ ಕಟ್ಟಿಸಿ ಅದಕ್ಕೆ 'ಶೂಟಿಂಗ್ ಜಿಬ್ರಾಲ್ಟರ್' ಎಂದು ಹೆಸರಿಟ್ಟ. ಗುಂಡು ಹೋಗುವ ಹಾದಿಯುದ್ದಕ್ಕೂ ಕಾಗದದ ಪರದೆಗಳನ್ನು ನಿಲ್ಲಿಸಿ ಪ್ರತಿ ತೂತನ್ನೂ ಅಳೆದ. ದಶಕಗಳ ಈ ತಪಸ್ಸು 1909ರಲ್ಲಿ ಪುಸ್ತಕವಾಗಿ ಬಂತು. ಮದ್ದಿನಿಂದ ಗುರಿಯವರೆಗೆ ಗುಂಡಿನ ಹಾರಾಟ ಎಂಬುದೇ ಅದರ ಹೆಸರಿನ ಅರ್ಥ. ಹವ್ಯಾಸಿಗಳು ಇಂದಿಗೂ ಅದನ್ನು ಪೂಜ್ಯಭಾವದಿಂದ ತೆರೆಯುತ್ತಾರೆ.

ಇನ್ನೊಂದು ಕಥೆ ಟೆಕ್ಸಾಸ್‌ನ ಹ್ಯೂಸ್ಟನ್ನಿನದು. 1980ರ ದಶಕದ ಆರಂಭದಲ್ಲಿ ಅಲ್ಲಿನ ಕೆಲವು ಬೆಂಚ್‌ರೆಸ್ಟ್ ಹುಚ್ಚರಿಗೆ ಒಂದು ಭಾರಿ ಗೋದಾಮಿನೊಳಗೆ ರಾತ್ರಿ ಹೊತ್ತು ಗುಂಡು ಹಾರಿಸಲು ಅವಕಾಶ ಸಿಕ್ಕಿತು. ಗಾಳಿಯಿಲ್ಲ, ಬಿಸಿಲಿಲ್ಲ, ನೂರು ಗಜ ದಾಟಿದರೂ ಗೋಡೆ ಸಿಗದಷ್ಟು ಉದ್ದ. ತಪ್ಪಿದರೆ ಗಾಳಿಯ ಮೇಲೆ ಹೇರುವಂತಿಲ್ಲ. ಅಲ್ಲಿನ ಅತ್ಯುತ್ತಮ ಬಂದೂಕುಗಳು ಐದು ಗುಂಡನ್ನು ಇಂಚಿನ ನಲವತ್ತನೇ ಒಂದು ಭಾಗದ ಅಂತರದೊಳಗೆ ಹೊಡೆದವು. ನೋಡುವ ಕಣ್ಣಿಗೆ ಐದಲ್ಲ, ಒಂದೇ ತೂತು. ಆ ಪ್ರಯೋಗಗಳ ವಿವರ 1993ರಲ್ಲಿ 'ಪ್ರಿಸಿಷನ್ ಶೂಟಿಂಗ್' ಪತ್ರಿಕೆಯಲ್ಲಿ ಬಂದಾಗ ಓದುಗರು ಮುಗಿಬಿದ್ದರು. ಅದರಲ್ಲಿ ಚಿಮುಟದವರಿಗೆ ಒಂದು ಕಹಿಗುಳಿಗೆಯೂ ಇತ್ತು. ಮದ್ದಿನ ತೂಕದ ಸಣ್ಣಪುಟ್ಟ ಏರುಪೇರು ಅಲ್ಲಿ ಲೆಕ್ಕಕ್ಕೇ ಬಂದಿರಲಿಲ್ಲ! ಬಂದೂಕು ಚೆನ್ನಾಗಿರಬೇಕು, ಗುಂಡು ಚೆನ್ನಾಗಿರಬೇಕು, ಕೇಸು ಗುಂಡನ್ನು ಹಿಡಿಯುವ ಬಿಗಿ ಒಂದೇ ಸಮನಿರಬೇಕು. ಇಷ್ಟಾದರೆ ಅಳತೆ ಪಾತ್ರೆಯಿಂದ ಸುರಿದ ಮದ್ದೇ ಸಾಕಾಗಿತ್ತು.

ಲೇಖನ ಓದಿ ತಕ್ಕಡಿ ಮಾರಿದವರು ಕಡಿಮೆ. ಅಷ್ಟೇ ಉದ್ದದ ಗೋದಾಮು ಎಲ್ಲಿ ಸಿಗುತ್ತದೆಂದು ಹುಡುಕಿದವರು ಹೆಚ್ಚು ಎಂದು ನನ್ನ ಅನುಮಾನ.

ನನಗೆ ಎಲ್ಲಕ್ಕಿಂತ ಮೋಜೆನಿಸುವುದು 'ಲೋಡ್ ಅಭಿವೃದ್ಧಿ' ಎಂಬ ವ್ರತ. ಮದ್ದಿನ ತೂಕವನ್ನು ಕೂದಲೆಳೆಯಷ್ಟು ಏರಿಸುತ್ತ ಪ್ರತಿ ತೂಕಕ್ಕೂ ಮೂರು ಮೂರು ತೋಟಾ ಮಾಡಿ, ಹೊಡೆದು, ಯಾವ ಮೂರು ತೂತು ಒತ್ತಾಗಿ ಬಿದ್ದವೋ ಅದೇ ನನ್ನ ಬಂದೂಕಿನ ಮಂತ್ರ ಎಂದು ಡೈರಿಯಲ್ಲಿ ಬರೆಯುವುದು. ಮುಂದಿನ ವಾರ ಅದೇ ತೂಕ ಹೊಡೆದರೆ ತೂತುಗಳು ದಿಕ್ಕಾಪಾಲು. ಬೆಳಕು ಸರಿಯಿರಲಿಲ್ಲ, ಕಾಫಿ ಜಾಸ್ತಿಯಾಗಿತ್ತು ಎಂದು ಕಾರಣಗಳು ಏಳುತ್ತವೆ. ನಿಜ ಏನೆಂದರೆ ಮೂರೇ ಏಟು ಯಾವುದನ್ನೂ ಸಾಬೀತುಮಾಡದು. ಒಂದೇ ಡಬ್ಬಿಯ ಒಂದೇ ತೂಕದ ತೋಟಾಗಳನ್ನು ಮೂರು ಮೂರಾಗಿ ಹೊಡೆದರೂ ಒಂದು ಗುಂಪು ಕಿರಿದಾಗಿ, ಇನ್ನೊಂದು ಅದರ ಎರಡು-ಮೂರು ಪಟ್ಟು ಹರಡಿ ಬೀಳಬಹುದು. ಅದು ಬರೀ ಅದೃಷ್ಟದಾಟ. ಗುಂಡು ತಯಾರಿಸುವ ಹಾರ್ನಡಿ ಕಂಪನಿಯ ತಜ್ಞರೇ ತಮ್ಮ ಪಾಡ್‌ಕಾಸ್ಟಿನಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ: ಮಾತಾಡಬೇಕೆಂದರೆ ಮೂರಲ್ಲ, ಇಪ್ಪತ್ತು ಮೂವತ್ತು ಏಟು ನೋಡಿ. ಮೂವತ್ತು ಹೊಡೆದರೆ ಯಾವ ಬಂದೂಕಿನ ಗುಂಪೂ ಜೇಬಿನಲ್ಲಿಟ್ಟು ಮಿತ್ರರಿಗೆ ತೋರಿಸುವಂತಿರುವುದಿಲ್ಲ. ಮೂರರ ಚಾಳಿ ಉಳಿದುಕೊಂಡಿರುವುದು ಬಹುಶಃ ಅದಕ್ಕೇ.

ಕಿವಿ ಹರಿಯುವ ಸಂಶೋಧನೆ

ಇರುವ ತೋಟಾ ತುಂಬಿ ಬೇಜಾರಾದವರು ಹೊಸ ತೋಟಾವನ್ನೇ ಹುಟ್ಟಿಸುತ್ತಾರೆ. ಒಂದರ ಕೇಸಿನ ಕುತ್ತಿಗೆ ಒತ್ತಿ ಇನ್ನೊಂದರ ಗುಂಡು ಕೂರಿಸಿದ ಇಂಥ ಮಿಶ್ರತಳಿಗಳಿಗೆ 'ವೈಲ್ಡ್‌ಕ್ಯಾಟ್' ಎನ್ನುತ್ತಾರೆ. ಇವೆಲ್ಲ ವ್ಯರ್ಥವೆನ್ನುವಂತಿಲ್ಲ. ಗ್ಯಾರೇಜಿನಲ್ಲಿ ಹುಟ್ಟಿದ .22-250 ಎಂಬುದನ್ನು 1965ರಲ್ಲಿ, .25-06 ಎಂಬುದನ್ನು 1969ರಲ್ಲಿ ರೆಮಿಂಗ್ಟನ್ ಕಂಪನಿ ತನ್ನ ಮಾಲಾಗಿ ಮಾಡಿಕೊಂಡಿತು.

ಈ ತಳಿ ಬೆಳೆಸುವವರ ಗುರು ಪಿ.ಓ. ಆಕ್ಲಿ. ಸೆಕೆಂಡಿಗೆ 5,000 ಅಡಿ ವೇಗ ದಾಟಬೇಕೆಂಬ ಪತ್ರಕರ್ತ ಮಿತ್ರನೊಬ್ಬನ ಆಸೆಗಾಗಿ ಆತ ಒಂದು ತಮಾಷೆ ಮಾಡಿದ. ಆನೆಯಂಥ ಪ್ರಾಣಿಗಳಿಗೆಂದು ಇರುವ ಭಾರಿ .378 ವೆದರ್‌ಬಿ ಕೇಸಿನ ಬಾಯಿ ಒತ್ತಿ, ಅಳಿಲಿಗೆ ಸಾಕಾಗುವ ಪುಟ್ಟ .22 ಗುಂಡು ಕೂರಿಸಿದ. ಜರ್ಮನ್ ಭಾಷೆಯನ್ನು ಅಣಕಿಸುವಂತೆ ಅದಕ್ಕೆ 'ಇಯರ್‌ಗೆಸ್‌ಪ್ಲಿಟನ್ ಲೌಡನ್‌ಬೂಮರ್' ಎಂದು ನಾಮಕರಣವಾಯಿತು. ಕಿವಿಹರುಕ ಗುಡುಗಪ್ಪ ಎಂದುಕೊಳ್ಳಿ. ವೇಗ 4,600 ಅಡಿಯ ಆಸುಪಾಸಿಗೇ ನಿಂತಿತು. ಅಷ್ಟು ಮದ್ದು ಅಷ್ಟು ಕಿರಿದಾದ ತೂತಿನಿಂದ ನುಗ್ಗಿದರೆ ನಳಿಗೆ ಬಾಳುವುದೂ ಇಲ್ಲ. ಪ್ರಯೋಜನ ಸೊನ್ನೆ. ಹೆಸರು ಮಾತ್ರ ಅಮರ.

ಇನ್ನೊಂದು ಉಪಪಂಗಡ ಗುಂಡನ್ನೂ ತಾವೇ ಎರಕ ಹೊಯ್ಯುವವರದು. ಕಾರಿನ ಚಕ್ರ ಸಮತೋಲಕ್ಕೆ ಅಂಟಿಸುವ ಸೀಸದ ತುಂಡುಗಳಿಗಾಗಿ ಇವರು ಟೈರ್ ಅಂಗಡಿಗಳ ಸ್ನೇಹ ಬೆಳೆಸುತ್ತಾರೆ. ಈಚೆಗೆ ಆ ತುಂಡುಗಳು ಸತು, ಉಕ್ಕಿಗೆ ತಿರುಗಿರುವುದು ಇವರ ಪಾಲಿಗೆ ರಾಷ್ಟ್ರೀಯ ವಿಪತ್ತು. ಎರಕ ಹೊಯ್ದ ಗುಂಡಿಗೆ ಬಣ್ಣದ ಪುಡಿ ಹಚ್ಚಿ ಬ್ರೆಡ್ ಸುಡುವ ಓವನ್ನಿನಲ್ಲಿ ಬೇಯಿಸುತ್ತಾರೆ. ಸೀಸ ಕಂಡ ಓವನ್ ಅಡುಗೆಮನೆಗೆ ವಾಪಸಾಗುವಂತಿಲ್ಲ. ಹಾಗಾಗಿ ಹೊಸ ಓವನ್ ಹೆಂಡತಿಗೆ ಉಡುಗೊರೆಯಾಗಿ ಬರುತ್ತದೆ, ಹುಟ್ಟುಹಬ್ಬ ಇರಲಿ ಇಲ್ಲದಿರಲಿ.

ನಗು ನಿಲ್ಲುವ ಜಾಗ

ಇಷ್ಟೆಲ್ಲ ತಿಕ್ಕಲಿಗೆ ಒಂದು ಸಮರ್ಥನೆಯಿದೆ. ಈ ಕೆಲಸದಲ್ಲಿ ಅಜಾಗರೂಕನಿಗಿಂತ ತಿಕ್ಕಲನೇ ಮೇಲು. ಮಾತಿನ ಭರದಲ್ಲಿ ಒಂದೇ ಕೇಸಿಗೆ ಎರಡು ಸಲ ಮದ್ದು ಬಿದ್ದರೆ ಬಂದೂಕು ಕೈಯಲ್ಲೇ ಸಿಡಿಯಬಹುದು. ಮದ್ದೇ ಬೀಳದಿದ್ದರೂ ಅಪಾಯ: ಪ್ರೈಮರಿನ ಬಲಕ್ಕೆ ಗುಂಡು ಅರ್ಧ ದಾರಿಯಲ್ಲಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ, ಗೊತ್ತಾಗದೆ ಮುಂದಿನದನ್ನು ಹಾರಿಸಿದರೆ ನಳಿಗೆ ಹರಿಯುತ್ತದೆ. ಅದಕ್ಕೇ ಮದ್ದಿನ ಪ್ರಮಾಣಕ್ಕೆ ಕೈಪಿಡಿಗಳಿವೆ, ಕನಿಷ್ಠದಿಂದ ಶುರುಮಾಡಿ ಮೆಲ್ಲನೆ ಏರು ಎಂಬ ಸೂತ್ರವಿದೆ. ಹಳಬರು ಹತ್ತು ಕೈಪಿಡಿ ಇಟ್ಟುಕೊಂಡು, ಹೊಸ ಆವೃತ್ತಿಯಲ್ಲಿ ಅಂಕಿ ಇಳಿದರೆ ವಕೀಲರಿಗೆ ಹೆದರಿದರು ಎಂದು ಗೊಣಗುತ್ತಾರೆ. ತಾಮ್ರದ ತುಂಡು ಎಷ್ಟು ಜಜ್ಜಿತೆಂದು ನೋಡಿ ಒತ್ತಡ ಅಂದಾಜಿಸುತ್ತಿದ್ದ ಕಾಲ ಹೋಗಿ ವಿದ್ಯುತ್ ಸಂವೇದಕಗಳು ಬಂದದ್ದು ಅದಕ್ಕಿಂತ ದೊಡ್ಡ ಕಾರಣ.

ಮನೆಯಲ್ಲಿ ಎಷ್ಟು ಇಡಬಹುದೆಂಬುದಕ್ಕೂ ಅಗ್ನಿಸುರಕ್ಷೆಯ ಮಾದರಿ ನಿಯಮವಿದೆ: ಮೂಲ ಡಬ್ಬಿಯಲ್ಲೇ 20 ಪೌಂಡ್ ಮದ್ದು, 10,000 ಪ್ರೈಮರ್. ಅದಕ್ಕೂ ಹೆಚ್ಚು ಮದ್ದಿದ್ದರೆ ಇಂಚು ದಪ್ಪದ ಮರದ ಪೆಟ್ಟಿಗೆ ಬೇಕು. ಉಕ್ಕಿನ ತಿಜೋರಿ ಸಲ್ಲದು. ಹೊಗೆರಹಿತ ಮದ್ದು ಬಯಲಲ್ಲಿ ಭುಗ್ಗೆಂದು ಉರಿಯುತ್ತದೆಯೇ ಹೊರತು ಸಿಡಿಯದು. ಗಟ್ಟಿಯಾಗಿ ಮುಚ್ಚಿಟ್ಟರೆ ಮಾತ್ರ ಬಾಂಬು.

ನಮ್ಮ ಕೋವಿ, ನಮ್ಮ ಕಾನೂನು

ತೇಜಸ್ವಿಯವರನ್ನು ಓದಿದವರಿಗೆ ಕೋವಿ, ಈಡು, ಚರೆ ಹೊಸ ಮಾತುಗಳಲ್ಲ. ಮಲೆನಾಡು, ಕೊಡಗಿನ ಹಳೆಯ ಕೇಪಿನ ಕೋವಿಗೆ ನಳಿಗೆಯ ಬಾಯಿಂದಲೇ ಮದ್ದು ಸುರಿದು, ಜಡಿದು, ಚರೆ ಹಾಕಿ ಈಡು ತುಂಬುತ್ತಿದ್ದರು. ಅಲ್ಲಿ ಪ್ರತಿ ಈಡೂ ಕೈಯಲ್ಲೇ ಆಗಬೇಕಿತ್ತು. ಗೀಳಿಗೆ ಬಿಡುವಿರಲಿಲ್ಲ, ತೋಟದೊಳಗೆ ಹಂದಿ ಕಾಯುತ್ತ ನಿಲ್ಲುವುದಿಲ್ಲವಲ್ಲ. ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿತು. ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ, ತೆಂಗಿನಕಾಯಿಗೆ ಗುರಿಯಿಟ್ಟು ಸ್ಪರ್ಧಿಸುತ್ತಾರೆ.

ಆದರೆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ತೋಟಾ ತಯಾರಿಕೆಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬೇರೆಯೇ ಪರವಾನಗಿ ಬೇಕು. ಇಲ್ಲದೆ ಮಾಡಿದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ ಏಳು ವರ್ಷ ಸೆರೆ. ಅಮೆರಿಕದ ನೆಂಟರು ಗ್ಯಾರೇಜಿನ ಫೋಟೋ ಕಳಿಸಿದರೆ ನೋಡಿ ನಕ್ಕುಬಿಡುವುದು ಕ್ಷೇಮ.

ಕೂಡಿಟ್ಟವನೇ ಜಾಣ

ಇಷ್ಟು ಮದ್ದು ಯಾಕೆ ಕೂಡಿಡುತ್ತೀಯ ಎಂದು ನಗುತ್ತಿದ್ದವರು 2020ರಲ್ಲಿ ಬಾಯಿ ಮುಚ್ಚಿದರು. ಕೊರೊನಾ ಭಯಕ್ಕೆ ಜನ ಬಂದೂಕು ಕೊಳ್ಳಲು ಮುಗಿಬಿದ್ದರು, ಅದೇ ವರ್ಷ ರೆಮಿಂಗ್ಟನ್ ದಿವಾಳಿಯಾಯಿತು, ತೋಟಾ ಅಂಗಡಿಗಳಿಂದ ಮಾಯವಾಯಿತು. ಕಾರ್ಖಾನೆಗಳು ಪ್ರೈಮರನ್ನೆಲ್ಲ ತಮ್ಮ ತೋಟಾಗಳಿಗೇ ಬಳಸಿದ್ದರಿಂದ ಹವ್ಯಾಸಿಗಳಿಗೆ ಬರ. ಮೂರು ನಾಲ್ಕು ಸೆಂಟಿನ ಪ್ರೈಮರ್ ಹತ್ತು ಸೆಂಟು ದಾಟಿತು. ಅದು ತಣಿಯುವಷ್ಟರಲ್ಲಿ ಉಕ್ರೇನ್ ಯುದ್ಧ. ಮದ್ದಿನ ಮೂಲವಾದ ನೈಟ್ರೋಸೆಲ್ಯುಲೋಸ್ ತಯಾರಾಗುವುದು ಹೆಚ್ಚಾಗಿ ಹತ್ತಿಬೀಜಕ್ಕೆ ಅಂಟಿಕೊಂಡ ಕಿರುನಾರಿನಿಂದ. ಫಿರಂಗಿಗಳಿಗೂ ಅದೇ ಬೇಕು. 2024ರಲ್ಲಿ ಅಲೈಯಂಟ್ ಕಂಪನಿ ಹವ್ಯಾಸಿಗಳಿಗೆ ಮದ್ದು ಕಳಿಸುವುದನ್ನೇ ಕೆಲಕಾಲ ನಿಲ್ಲಿಸಿತು. 'ನನ್ನ ಕೈಯಾರೆ, ನನ್ನ ಮನೆಯಲ್ಲಿ' ಎಂದು ಬೀಗುವವನ ತೋಟಾದಲ್ಲಿ ಫಿನ್ಲೆಂಡಿನ ಕೇಸು, ಆಸ್ಟ್ರೇಲಿಯಾದ ಮದ್ದು ಇರುವುದು ಅಪರೂಪವೇನಲ್ಲ.

ಬೇರೆಯವನ ತೋಟಾ ಮುಟ್ಟಬೇಡ

ಈ ಪಂಥದಲ್ಲಿ ಎಲ್ಲ ಬಣ್ಣದವರೂ ಒಪ್ಪುವ ನಿಯಮ ಒಂದೇ: ಇನ್ನೊಬ್ಬ ತುಂಬಿದ ತೋಟಾವನ್ನು ನಿನ್ನ ಬಂದೂಕಿಗೆ ಹಾಕಬೇಡ. ಬಂದೂಕು ಕಂಪನಿಗಳೂ ಇದನ್ನೇ ಹೇಳುತ್ತವೆ. ಎಷ್ಟೇ ನಂಬಿಕಸ್ಥನಿರಲಿ, ಅವನು ತೂಗುವಾಗ ಫೋನು ಬಂದಿತ್ತೋ ಇಲ್ಲವೋ ನಿನಗೇನು ಗೊತ್ತು?

ಇದರ ಪರಿಣಾಮ ಕಾಣುವುದು ಹವ್ಯಾಸಿ ತೀರಿಕೊಂಡಾಗ. ಗ್ಯಾರೇಜಿನಲ್ಲಿ ತಾರೀಖು, ತೂಕ, ಬಂದೂಕಿನ ಹೆಸರು ಬರೆದ ಚೀಟಿ ಅಂಟಿಸಿ ಸಾಲಾಗಿ ಇಟ್ಟ ಸಾವಿರಾರು ತೋಟಾ. ಒಂದೊಂದೂ ಮಿಲಿಗ್ರಾಂ ಲೆಕ್ಕದಲ್ಲಿ ಸಿದ್ಧವಾದದ್ದು, ಒಂದನ್ನೂ ಯಾರೂ ಹಾರಿಸರು. ಕ್ಲಬ್ಬಿನ ಗೆಳೆಯರು ಬಂದು ಪ್ರೆಸ್, ತಕ್ಕಡಿ, ಅಚ್ಚುಗಳ ಬೆಲೆ ಕಟ್ಟುತ್ತಾರೆ. ತೋಟಾಗಳನ್ನು ಮಾತ್ರ ಮನೆಗೊಯ್ದು, ಸುತ್ತಿಗೆಯಂಥ ಸಾಧನದಲ್ಲಿ ಸಿಕ್ಕಿಸಿ ಗಟ್ಟಿ ನೆಲಕ್ಕೆ ಬಡಿಯುತ್ತಾರೆ. ಗುಂಡು ಕಳಚಿಬಂದರೆ ಒಂದು ಡಬ್ಬಿಗೆ. ಯಾವುದೆಂದು ಖಾತ್ರಿಯಿಲ್ಲದ ಮದ್ದನ್ನು ಮತ್ತೆ ಬಳಸುವಂತಿಲ್ಲ. ಸಾರಜನಕ ಇದೆಯೆಂದು ಅಂಗಳದ ಹುಲ್ಲಿಗೆ ಎರಚುವವರಿದ್ದಾರೆ, ಹುಲ್ಲು ಚೆನ್ನಾಗಿ ಬರುತ್ತದಂತೆ. ಕೇಸುಗಳು ಇನ್ನೊಂದು ಡಬ್ಬಿಗೆ ಹೋಗುತ್ತವೆ. ಅವು ಆಗಲೇ ಹೊಳೆಯುತ್ತಿದ್ದರೂ ಹೊಸ ಯಜಮಾನ ಮೊದಲು ಮಾಡುವ ಕೆಲಸ ಅವನ್ನು ಮತ್ತೊಮ್ಮೆ ತೊಳೆಯುವುದು.